ಕಿವಿಗೆ ಬಿದ್ದ ಬೀಗ

ಪ್ರಶ್ನೆ: ನನ್ನ ಊರು ಹುಬ್ಬಳ್ಳಿ. ಬೆಂಗಳೂರಿನ ಒಂದು ಕಚೇರಿಯಲ್ಲಿ ವಿಮಾ ದಾಖಲೆಗಳನ್ನು ಪರಿಶೀಲಿಸುವ ಕೆಲಸ ಮಾಡುತ್ತೇನೆ. ಒಳಗೆ ಹೋಗುವ ಮುನ್ನ ಮೊಬೈಲನ್ನು ಲಾಕರಿನಲ್ಲಿ ಇಡಬೇಕು. ಪೆನ್ನು, ಕಾಗದವನ್ನೂ ಒಯ್ಯುವಂತಿಲ್ಲ. ಕಂಪ್ಯೂಟರಿನಲ್ಲಿ ಹತ್ತು ಜಾಲತಾಣ ತೆರೆಯಲು ಹೋದರೆ ಒಂಬತ್ತಕ್ಕೆ ತಡೆ. ಮೂರು ವರ್ಷ ನನ್ನನ್ನು ಕಾಪಾಡಿದ್ದು ಗೂಗಲ್ ಪಾಡ್‌ಕಾಸ್ಟ್ಸ್. ಬ್ರೌಸರಿನಲ್ಲಿಯೇ ತೆರೆಯುತ್ತಿತ್ತು. ಕಥೆ, ಹರಟೆ, ವಿಜ್ಞಾನ, ಏನಾದರೂ ಕೇಳುತ್ತ ಕಡತಗಳನ್ನು ಮುಗಿಸುತ್ತಿದ್ದೆ. 2024ರ ಜೂನ್‌ನಲ್ಲಿ ಅದು ಮುಚ್ಚಿತು. ಯೂಟ್ಯೂಬ್ ಮ್ಯೂಸಿಕ್‌ಗೆ ಹೋಗಿ ಎಂದರು. ನಮ್ಮಲ್ಲಿ ಅದು ತೆರೆಯುವುದಿಲ್ಲ. ಅಂದಿನಿಂದ ಮಧ್ಯಾಹ್ನದ ಮೂರು ಗಂಟೆ ಐದಾಗುವುದೇ ಇಲ್ಲ. ಚೆನ್ನಾಗಿ ನಡೆಯುತ್ತಿದ್ದುದನ್ನು ಏಕೆ ಮುಚ್ಚಿದರು? ಸಹೋದ್ಯೋಗಿಯೊಬ್ಬರು ಕಚೇರಿಯ ತಡೆಯನ್ನು ದಾಟುವ ಉಪಾಯ ಹೇಳಿಕೊಡುತ್ತೇನೆ ಎನ್ನುತ್ತಾರೆ, ಒಪ್ಪಿಕೊಳ್ಳಲೇ? ಬಿಟ್ಟಿ ಸಿಗುತ್ತಿದ್ದದ್ದು ಹೋಯಿತೆಂದು ಇಷ್ಟು ಬೇಸರ ಪಡುವುದು ಚಿಕ್ಕಮಕ್ಕಳ ಹಟವೇ?

ಉತ್ತರ: ಮೊದಲು ಒಂದು ತಪ್ಪೊಪ್ಪಿಗೆ. ಇಪ್ಪತ್ತು ವರ್ಷ ನಾನು ಕಚೇರಿಗಳ ನೆಟ್‌ವರ್ಕ್ ನೋಡಿಕೊಂಡವನು. ಯಾವ ತಾಣ ತೆರೆಯಬೇಕು, ಯಾವುದು ತೆರೆಯಬಾರದು ಎಂದು ಬೇಲಿ ಹಾಕುವುದೇ ನನ್ನ ಸಂಬಳದ ಕೆಲಸವಾಗಿತ್ತು. ಆದ್ದರಿಂದ ನಿಮ್ಮ ಪತ್ರ ಓದುತ್ತಿದ್ದಾಗ ಬೇಲಿಯ ಎರಡೂ ಬದಿ ನನಗೆ ಕಾಣುತ್ತಿದ್ದವು. ಕೊನೆಯ ಪ್ರಶ್ನೆಯನ್ನು ನೀವು ಸಂಕೋಚದಿಂದ ಕೇಳಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೈ ಕೆಲಸದಲ್ಲಿದ್ದು ಕಿವಿ ಬಿಡುವಾಗಿದ್ದರೆ ಜನ ಅದನ್ನು ಬರಿದಾಗಿ ಇಟ್ಟವರಲ್ಲ. ನಿಮ್ಮ ಧಾರವಾಡ ಸೀಮೆಯ ಹೆಂಗಸರು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಪದಗಳನ್ನು ನಮ್ಮ ಜಾನಪದ ವಿದ್ವಾಂಸರು ಸಂಪುಟಗಟ್ಟಲೆ ಸಂಗ್ರಹಿಸಿದ್ದಾರೆ. ಆ ಜೋಳದ ಹಿಟ್ಟು ಅಂದಂದಿನ ರೊಟ್ಟಿಗೆ ಮುಗಿದುಹೋಯಿತು, ಪದಗಳು ಉಳಿದವು. ತವರಿನ ನೆನಪು, ಅತ್ತೆಯ ಮೇಲಿನ ಸಿಟ್ಟು, ಅಣ್ಣ ಬರಲಿಲ್ಲವೆಂಬ ಕೊರಗು ಎಲ್ಲವೂ ಕಲ್ಲಿನ ಗೂಟ ಹಿಡಿದ ಕೈಯ ಜೊತೆಗೇ ತಿರುಗುತ್ತಿದ್ದವು.

ಹಾಡಲು ಆಗದ ಕಡೆ ಜನ ದುಡ್ಡು ಕೊಟ್ಟು ಓದಿಸಿಕೊಂಡರು. 1865ರಲ್ಲಿ ಕ್ಯೂಬಾದ ಹವಾನಾ ನಗರದ ಸಿಗಾರ್ ಕಾರ್ಖಾನೆಯೊಂದರಲ್ಲಿ ಈ ಪದ್ಧತಿ ಶುರುವಾಯಿತು. ಕೆಲಸಗಾರರು ಸಾಲು ಮೇಜುಗಳ ಮುಂದೆ ಕುಳಿತು ಹೊಗೆಸೊಪ್ಪು ಸುತ್ತುತ್ತಿರುವಾಗ ಎತ್ತರದ ಕಟ್ಟೆಯ ಮೇಲೆ ಒಬ್ಬ ಕುಳಿತು ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಆಮೇಲೆ ಕಾದಂಬರಿ. ಅವನನ್ನು ಲೆಕ್ತೋರ್ ಎಂದು ಕರೆಯುತ್ತಿದ್ದರು. ಅವನಿಗೆ ಸಂಬಳ ಕೊಡುತ್ತಿದ್ದವನು ಮಾಲೀಕನಲ್ಲ. ಕೆಲಸಗಾರರೇ ತಮ್ಮ ಕೂಲಿಯಿಂದ ವಂತಿಗೆ ಎತ್ತಿ ಕೊಡುತ್ತಿದ್ದರು. ಮುಂದೆ ಯಾವ ಕಾದಂಬರಿ ಎಂಬುದನ್ನೂ ಅವರೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಮರುವರ್ಷವೇ ಸ್ಪೇನಿನ ಆಡಳಿತ ಇದನ್ನು ನಿಷೇಧಿಸಿತು, ಮುಂದೆ ಅದು ಮತ್ತೆ ಚಿಗುರಿತು. ವಲಸೆ ಹೋದವರ ಜೊತೆಯಲ್ಲಿ ಅಮೆರಿಕದ ಟ್ಯಾಂಪಾ ನಗರವನ್ನೂ ತಲುಪಿತು. 1931ರಲ್ಲಿ ಟ್ಯಾಂಪಾದ ಕಾರ್ಖಾನೆಗಳ ಮಾಲೀಕರು ಓದುವವರನ್ನು ಹೊರಗೆ ಹಾಕಿದರು. ಕೆಲಸಗಾರರು ಮುಷ್ಕರ ಹೂಡಿದರು, ಸೋತರು. ಓದುವವನ ಜಾಗಕ್ಕೆ ರೇಡಿಯೋ ಬಂದು ಕುಳಿತಿತು.

ಅಷ್ಟು ದೂರ ಹೋಗುವುದೂ ಬೇಡ. ಮಂಗಳೂರಿನಲ್ಲಿ ರೈಲು ಹತ್ತಿದರೆ ಕೆಲವೇ ತಾಸಿಗೆ ಸಿಗುವ ಕಣ್ಣೂರಿನ ಬೀಡಿ ಶೆಡ್‌ಗಳಲ್ಲಿಯೂ ಹೀಗೆಯೇ ನಡೆಯುತ್ತಿತ್ತು. ಒಬ್ಬ ಪತ್ರಿಕೆ ಓದುತ್ತಿದ್ದ, ಉಳಿದವರು ಬೀಡಿ ಸುತ್ತುತ್ತಿದ್ದರು. ಬೀಡಿಯ ಕೂಲಿ ಲೆಕ್ಕದ ಮೇಲೆ ಬರುವಂಥದ್ದು. ಓದುತ್ತ ಕುಳಿತವನಿಗೆ ಕೂಲಿ ಖೋತಾ ಆಗದಿರಲೆಂದು ಉಳಿದವರು ತಾವು ಸುತ್ತಿದ ಒಂದಿಷ್ಟು ಬೀಡಿಗಳನ್ನು ಅವನ ಪಾಲಿಗೆ ಹಾಕುತ್ತಿದ್ದರು. ಹೊಸ ಕಾರ್ಮಿಕ ಕಾನೂನು ಬಂದಾಗ, 1968ರಲ್ಲಿ, ಮಂಗಳೂರಿನ ಬೀಡಿ ಉದ್ಯಮಿಗಳು ಅಲ್ಲಿನ ಶೆಡ್‌ಗಳನ್ನು ಮುಚ್ಚಿದರು. ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ಅಲ್ಲಿಯೂ ಪತ್ರಿಕೆಯ ಓದು ಮುಂದುವರಿಯಿತು.

ದಿನಕ್ಕೆ ಇಷ್ಟು ಎಂದು ಎಣಿಸಿ ಕೂಲಿ ಪಡೆಯುವವರೇ ಕೂಲಿಯಲ್ಲಿ ಒಂದು ಪಾಲನ್ನು ಕಿವಿಗಾಗಿ ತೆಗೆದಿಟ್ಟಿದ್ದರು. ಅದನ್ನು ಕಳೆದುಕೊಂಡಾಗ ಮುಷ್ಕರಕ್ಕೆ ಇಳಿದಿದ್ದರು. ನಿಮ್ಮ ಬೇಸರವನ್ನು ಹಟ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಗೂಗಲ್ ಪಾಡ್‌ಕಾಸ್ಟ್ಸ್ ವಿಷಯದಲ್ಲಿ ಓದುವವನಿಗೆ ಸಂಬಳ ಕೊಡುತ್ತಿದ್ದವರು ಯಾರು? ನೀವಲ್ಲ, ನಾನಲ್ಲ. ಜಾಹೀರಾತುದಾರರೂ ಅಲ್ಲ, ಏಕೆಂದರೆ ಗೂಗಲ್ ಅದರಲ್ಲಿ ತನ್ನ ಜಾಹೀರಾತು ಹಾಕುತ್ತಿರಲಿಲ್ಲ. 2018ರಲ್ಲಿ ಬಂದ ಈ ಸೇವೆ ಕಂಪನಿಗೆ ಖರ್ಚಿನ ಬಾಬತ್ತು. ಅದೇ ಕಂಪನಿಯ ಯೂಟ್ಯೂಬ್ ಆದಾಯದ ಬಾಬತ್ತು. 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚುವ ಸುದ್ದಿ ತಿಳಿಸುವಾಗ ಗೂಗಲ್ ಒಂದು ಸಮೀಕ್ಷೆಯ ಅಂಕಿಯನ್ನು ಮುಂದಿಟ್ಟಿತು: ಅಮೆರಿಕದಲ್ಲಿ ವಾರವಾರ ಪಾಡ್‌ಕಾಸ್ಟ್ ಕೇಳುವವರಲ್ಲಿ ಸುಮಾರು ಶೇ 23ರಷ್ಟು ಮಂದಿ ಹೆಚ್ಚಾಗಿ ಬಳಸುವುದು ಯೂಟ್ಯೂಬ್, ಶೇ 4ರಷ್ಟು ಮಂದಿ ಮಾತ್ರ ಗೂಗಲ್ ಪಾಡ್‌ಕಾಸ್ಟ್ಸ್. ಲೆಕ್ಕದ ಪುಸ್ತಕ ಹಿಡಿದು ಕುಳಿತವರಿಗೆ ಅಷ್ಟು ಸಾಕು. ಅಮೆರಿಕದಲ್ಲಿ 2024ರ ಏಪ್ರಿಲ್‌ನಲ್ಲಿ, ಉಳಿದ ಕಡೆ ಜೂನ್‌ನಲ್ಲಿ ಬಾಗಿಲು ಹಾಕಿದರು. ಇದರಲ್ಲಿ ದುಷ್ಟತನವೇನೂ ನನಗೆ ಕಾಣುವುದಿಲ್ಲ. ಆದರೆ ಆ ಶೇ 4ರಲ್ಲಿ ಯಾರಿದ್ದರು, ಅವರು ಎಲ್ಲಿ ಕುಳಿತು ಕೇಳುತ್ತಿದ್ದರು ಎಂಬುದನ್ನು ಅಂಕಿ ಹೇಳುವುದಿಲ್ಲ. ಯೂಟ್ಯೂಬಿಗೆ ಹೋಗಿ ಎನ್ನುವ ಸೂಚನೆ ಬರೆದವರಿಗೆ ಯೂಟ್ಯೂಬ್ ತೆರೆಯದ ಕಚೇರಿಗಳ ನೆನಪು ಬಂದಿರಲಾರದು.

ಇದು ಮೊದಲನೆಯದೂ ಅಲ್ಲ. ಬ್ಲಾಗುಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು, ಗೆಳೆಯರನ್ನು ಬೆಸೆಯುತ್ತಿದ್ದ ಗೂಗಲ್‌ನ ತಾಣ ಆರ್ಕುಟ್ ಮರುವರ್ಷದ ಸೆಪ್ಟೆಂಬರ್ 30ರಂದು. ರೀಡರ್ ಹೋದಾಗ ನಿಮ್ಮ ಸ್ಥಿತಿಯಲ್ಲಿ ನಾನಿದ್ದೆ. ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಬ್ಲಾಗುಗಳಿಗೆ ತಡೆ ಇತ್ತು. ತಡೆ ಹಾಕಿದವನು ನಾನೇ. ರೀಡರ್ ಮಾತ್ರ ಬ್ಲಾಗುಗಳ ಬರಹವನ್ನು ತನ್ನ ಸರ್ವರಿಗೆ ತಂದುಕೊಂಡು ಗೂಗಲ್‌ನ ವಿಳಾಸದಿಂದಲೇ ತೋರಿಸುತ್ತಿತ್ತು. ಹುಡುಕಾಟಕ್ಕೆಂದು ಗೂಗಲ್ ಬೇಕೇ ಬೇಕಲ್ಲ, ಅದಕ್ಕೆ ತಡೆ ಇರಲಿಲ್ಲ. ಚಿತ್ರಗಳು ಬರುತ್ತಿರಲಿಲ್ಲ, ಅಕ್ಷರಗಳು ಬರುತ್ತಿದ್ದವು. ಆಗ ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿ. ಊಟದ ಹೊತ್ತಿಗೆ ನಾನೇ ಹಾಕಿದ ಬೇಲಿಯ ಸಂದಿಯಿಂದ ಬೆಂಗಳೂರು, ಬೋಸ್ಟನ್, ಶಿರಸಿಯವರು ಬರೆದದ್ದನ್ನೆಲ್ಲ ಓದುತ್ತಿದ್ದೆ. ಮುಚ್ಚಿದ ದಿನ ಮ್ಯಾನೇಜರ್ "ಏನು, ಮೈ ಹುಷಾರಿಲ್ಲವೇ?" ಎಂದು ಕೇಳಿದ್ದರು. ಏನೆಂದು ಹೇಳುವುದು?

ನಿಮ್ಮ ಪಾಡ್‌ಕಾಸ್ಟ್ ಪುಟವೂ ಇಂಥದ್ದೇ ಒಂದು ಸಂದಿ ಆಗಿತ್ತು ಎಂದು ನನ್ನ ಊಹೆ. ಕಚೇರಿಯ ಫಿಲ್ಟರ್ ಒಂದೊಂದು ಪುಟವನ್ನೂ ಓದಿ ನೋಡಿ ಬಿಡುವುದಿಲ್ಲ. ತಾಣಗಳನ್ನು ಬ್ಯಾಂಕು, ಸುದ್ದಿ, ಜೂಜು, ಹಾಡು-ವಿಡಿಯೋ ಎಂದು ಮೊದಲೇ ಗುಂಪು ಮಾಡಿಟ್ಟ ಪಟ್ಟಿ ಅದರ ಬಳಿ ಇರುತ್ತದೆ; ಕಂಪನಿ ಗುಂಪುಗಟ್ಟಲೆ ತಡೆ ಒತ್ತುತ್ತದೆ. ಯೂಟ್ಯೂಬ್ ಹಾಡು-ವಿಡಿಯೋ ಗುಂಪಿನ ಮೊದಲ ಹೆಸರು, ಯೂಟ್ಯೂಬ್ ಮ್ಯೂಸಿಕ್ ಅದರದೇ ವಿಳಾಸದ ಕೆಳಗಿದೆ. ಗೂಗಲ್ ಪಾಡ್‌ಕಾಸ್ಟ್ಸ್ ಹಾಗಲ್ಲ, ಗೂಗಲ್‌ನ ವಿಳಾಸದ ಕೆಳಗಿತ್ತು. ಅಂದರೆ ನಿಮ್ಮ ಕಚೇರಿಯವರು ಕನಿಕರದಿಂದ ಬಿಟ್ಟದ್ದಲ್ಲ, ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ ಅಷ್ಟೆ. ಇದು ಮುಂದೆ ಬರುವ ಮಾತಿಗೆ ಮುಖ್ಯ.

ಸಮಾಧಾನದ ಸಂಗತಿಯೊಂದಿದೆ. ರೀಡರ್ ಮುಚ್ಚಿದಾಗ ಬ್ಲಾಗುಗಳು ಸಾಯಲಿಲ್ಲ, ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ ನಿಮ್ಮ ಕಾರ್ಯಕ್ರಮಗಳೂ ಸಾಯಲಿಲ್ಲ. ಎರಡರ ಕೆಳಗೂ ಇದ್ದದ್ದು ಆರ್‌ಎಸ್‌ಎಸ್ ಎಂಬ ಕೊಳವೆ. (ಹೆಸರು ಕೇಳಿ ಗಾಬರಿಯಾಗಬೇಡಿ, ಇದಕ್ಕೆ ಶಾಖೆಗಳಿಲ್ಲ.) ಕಾರ್ಯಕ್ರಮ ಮಾಡುವವರು ತಮ್ಮ ಸರ್ವರಿನಲ್ಲಿ ಒಂದು ಪಟ್ಟಿ ಇಡುತ್ತಾರೆ: ಈ ಸಂಚಿಕೆ, ಈ ದಿನಾಂಕ, ಧ್ವನಿ ಕಡತ ಇಲ್ಲಿದೆ ಎಂದು. ಆ ಪಟ್ಟಿಯಲ್ಲಿ ಧ್ವನಿ ಕಡತದ ವಿಳಾಸವನ್ನು ಸೇರಿಸುವ ಏರ್ಪಾಟು 2000ರ ಕೊನೆಯಲ್ಲಿ ಬಂತು. ಪಾಡ್‌ಕಾಸ್ಟ್ ಎಂಬ ಹೆಸರು ಬಂದದ್ದೇ 2004ರಲ್ಲಿ. ಯಾವ ಆ್ಯಪ್ ಬೇಕಾದರೂ ಆ ಪಟ್ಟಿಯನ್ನು ಓದಬಹುದು, ಯಾರ ಅಪ್ಪಣೆಯೂ ಬೇಡ. ಗೂಗಲ್‌ನ ಪುಟ ಆ ಕೊಳವೆಗೆ ಹಾಕಿದ ಒಂದು ನಲ್ಲಿ. ಕೇಳಿದ ನೀರು ಅದರದಲ್ಲ.

ನೀವು ಯಾವ ಯಾವ ಕಾರ್ಯಕ್ರಮಗಳಿಗೆ ಚಂದಾದಾರರಾಗಿದ್ದಿರಿ ಎಂಬ ಪಟ್ಟಿಯನ್ನು ಹೊರತೆಗೆದುಕೊಳ್ಳಲು ಮುಚ್ಚಿದ ಮೇಲೂ ಕೆಲವು ವಾರ ಅವಕಾಶವಿತ್ತು. ತೆಗೆದಿಟ್ಟುಕೊಂಡೆ ಎಂದು ನೀವು ಬರೆದಿಲ್ಲ. ತೆಗೆದುಕೊಂಡಿರಲಾರಿರಿ, ಅಂಥ ಸೂಚನೆಗಳನ್ನು ಯಾರೂ ಓದುವುದಿಲ್ಲ. ಪರವಾಗಿಲ್ಲ. ಇಂದು ರಾತ್ರಿ ಮನೆಯಲ್ಲಿ ಕಾಗದ ತೆಗೆದುಕೊಂಡು ನೆನಪಾದ ಹೆಸರುಗಳನ್ನು ಬರೆಯಿರಿ. ಎಂಟೋ ಹತ್ತೋ ಬರುತ್ತವೆ. ನೆನಪಾಗದವನ್ನು ನೀವು ಕೇಳುತ್ತಲೂ ಇರಲಿಲ್ಲ. ಅವನ್ನು ಮೊಬೈಲಿನ ಒಂದು ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಹುಡುಕಿ ಸೇರಿಸಿಕೊಳ್ಳಿ. ಆಂಡ್ರಾಯ್ಡ್ ಆದರೆ ಆ್ಯಂಟೆನಾಪಾಡ್ ಎಂಬುದಿದೆ, ಸ್ವಯಂಸೇವಕರು ನಡೆಸುವಂಥದ್ದು, ಜಾಹೀರಾತಿಲ್ಲ. ಆಮೇಲೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ ಚಂದಾಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಹೊರತೆಗೆದು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಆ ಪುಟ್ಟ ಕಡತ ಕೈಯಲ್ಲಿದ್ದರೆ ಮುಂದಿನ ಸಲ ಯಾರು ಬಾಗಿಲು ಹಾಕಿದರೂ ಇನ್ನೊಂದು ಕಡೆ ಐದು ನಿಮಿಷದಲ್ಲಿ ಬಿಡಾರ ಹೂಡಬಹುದು.

ಆದರೆ ಮೊಬೈಲ್ ಲಾಕರಿನಲ್ಲಿದೆ. ಸಹೋದ್ಯೋಗಿಯ ಉಪಾಯದ ಮಾತಿಗೆ ಬರೋಣ. ಬೇಡ. ಇದೊಂದರಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ಅವರು ಹೇಳುತ್ತಿರುವುದು ಬಿಟ್ಟಿ ವಿಪಿಎನ್ ಅಥವಾ ಬ್ರೌಸರಿಗೆ ಸೇರಿಸುವ ಪ್ರಾಕ್ಸಿ ಇರಬೇಕು. ಅದನ್ನು ಹಾಕಿಕೊಂಡರೆ ನಿಮ್ಮ ಬ್ರೌಸರಿನ ಮಾತುಕತೆಯೆಲ್ಲ ಯಾರದೋ ಸರ್ವರಿನ ಮೂಲಕ ಹಾದುಹೋಗುತ್ತದೆ, ಮತ್ತು ಅದೇ ಬ್ರೌಸರಿನಲ್ಲಿ ಪರರ ಆಸ್ಪತ್ರೆ ಬಿಲ್ಲು, ಕಾಯಿಲೆಯ ವಿವರ ತೆರೆದಿರಬಹುದು. ಕಂಪನಿಗಳು ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರಲು ಕಾರಣವಿದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದತ್ತಾಂಶವನ್ನು ಸರಿಯಾಗಿ ಕಾಯದ ಸಂಸ್ಥೆಗೆ ದಂಡದ ಮಿತಿ 250 ಕೋಟಿ ರೂಪಾಯಿ. ಇನ್ನೊಂದು, ನೀವು ದಾಟಿದ್ದು ಯಾರಿಗೂ ತಿಳಿಯುವುದಿಲ್ಲ ಎಂಬುದು ಸುಳ್ಳು. ಏನು ಕೇಳಿದಿರಿ ಎಂಬುದು ಲಾಗ್‌ನಲ್ಲಿ, ಅಂದರೆ ನೆಟ್‌ವರ್ಕ್ ತಾನೇ ಬರೆದಿಡುವ ದಾಖಲೆಯಲ್ಲಿ, ಕಾಣದಿರಬಹುದು. ದಿನಕ್ಕೆ ನಾಲ್ಕು ತಾಸು ಒಂದೇ ಅಪರಿಚಿತ ವಿಳಾಸಕ್ಕೆ, ಒಳಗೇನಿದೆಯೆಂದು ತಿಳಿಯದ ಸಂಪರ್ಕ ಹೋದದ್ದು ಕಾಣುತ್ತದೆ. ಕಥೆ ಕೇಳುತ್ತಿದ್ದವರನ್ನೂ ಕಡತ ಕದಿಯುತ್ತಿದ್ದವರನ್ನೂ ಲಾಗ್ ಬೇರೆ ಮಾಡಿ ತೋರಿಸುವುದಿಲ್ಲ. ನಾನಿದ್ದ ಒಂದು ಕಡೆ ಕ್ರಿಕೆಟ್ ಅಂಕ ನೋಡಲು ಹೀಗೆ ದಾಟಿದ ಹುಡುಗನೊಬ್ಬ ಕೆಲಸ ಕಳೆದುಕೊಂಡ. ಆ ಲಾಗನ್ನು ತೆಗೆದುಕೊಟ್ಟವನು ನಾನು.

ಸಂದಿ ಹುಡುಕುವ ಬದಲು ಗೇಟು ಕೇಳಿ. ನೀವು ಇದುವರೆಗೆ ಕೇಳಿಲ್ಲ ಎಂದು ಪತ್ರದಿಂದ ತಿಳಿಯುತ್ತದೆ, ಬಹಳ ಜನ ಕೇಳುವುದೇ ಇಲ್ಲ. ಐಟಿ ವಿಭಾಗಕ್ಕೆ "ಪಾಡ್‌ಕಾಸ್ಟ್ ಬೇಕು" ಎಂದು ಟಿಕೆಟ್ ಹಾಕಿದರೆ ಅದು ಅಂದೇ ತಿರಸ್ಕೃತ. ನಾನೂ ತಿರಸ್ಕರಿಸುತ್ತಿದ್ದೆ. ಬದಲಿಗೆ ತಂಡದ ನಾಲ್ಕೈದು ಜನ ಸೇರಿ ಮ್ಯಾನೇಜರ್ ಮೂಲಕ ಬರೆಯಿರಿ, ಬರೆಯುವಾಗ ಐಟಿಯವರು ಹೆದರುವ ವಿಷಯಕ್ಕೆ ನೀವೇ ಲೆಕ್ಕ ಕೊಡಿ. ಅವರ ಮೊದಲ ಹೆದರಿಕೆ ಬ್ಯಾಂಡ್‌ವಿಡ್ತ್, ಅಂದರೆ ಕಚೇರಿಯ ಇಂಟರ್‌ನೆಟ್ ಎಷ್ಟು ಹೊರಬಲ್ಲದು ಎಂಬುದು. ಮಾತಿನ ಧ್ವನಿ ಸೆಕೆಂಡಿಗೆ 64 ಕಿಲೋಬಿಟ್‌ನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಒಂದು ತಾಸಿಗೆ ಸುಮಾರು 29 ಎಂಬಿ. ಮೂವತ್ತು ಜನ ಒಟ್ಟಿಗೆ ಕೇಳಿದರೂ ಸೆಕೆಂಡಿಗೆ 2 ಮೆಗಾಬಿಟ್ ಮುಟ್ಟುವುದಿಲ್ಲ. ಎರಡನೆಯ ಹೆದರಿಕೆ ದತ್ತಾಂಶ ಹೊರಹೋಗುವುದು. ಬರಹ ಹಾಕಲು, ಕಡತ ಏರಿಸಲು ಜಾಗವಿಲ್ಲದ, ಕೇಳಲಷ್ಟೇ ಬರುವ ತಾಣ ಬೇಕೆಂದು ಸ್ಪಷ್ಟವಾಗಿ ಹೇಳಿ.

ಯಾವ ತಾಣ? ಪಾಕೆಟ್ ಕಾಸ್ಟ್ಸ್ ಎಂಬ ಸೇವೆ ಬ್ರೌಸರಿನಲ್ಲಿ ಕೇಳುವ ಸೌಲಭ್ಯವನ್ನು 2025ರಲ್ಲಿ ಎಲ್ಲರಿಗೂ ಉಚಿತ ಮಾಡಿದೆ, ಆಪಲ್ ಕೂಡ ತನ್ನ ಪಾಡ್‌ಕಾಸ್ಟ್‌ಗಳನ್ನು 2024ರಿಂದ ಬ್ರೌಸರಿನಲ್ಲಿ ಸರಿಯಾಗಿ ಕೇಳಿಸುತ್ತಿದೆ. ಇಲ್ಲೊಂದು ತೊಡಕಿದೆ, ಗೊತ್ತಿಲ್ಲದಿದ್ದರೆ ವಾರಗಟ್ಟಲೆ ತಲೆ ಕೆಡುತ್ತದೆ: ತಾಣ ತೆರೆದುಕೊಳ್ಳುತ್ತದೆ, ಹೆಸರುಗಳು ಕಾಣುತ್ತವೆ, ಗುಂಡಿ ಒತ್ತಿದರೆ ಧ್ವನಿ ಬರುವುದಿಲ್ಲ. ಧ್ವನಿ ಕಡತ ಇರುವುದು ಆ ತಾಣದಲ್ಲಲ್ಲ, ಕಾರ್ಯಕ್ರಮದವರ ಸರ್ವರಿನಲ್ಲಿ ಎಂದು ಹೇಳಿದೆನಲ್ಲ. ಆ ವಿಳಾಸಕ್ಕೂ ಅನುಮತಿ ಬೇಕು (ಗೂಗಲ್ ಪುಟದಲ್ಲಿ ಕೇಳುತ್ತಿದ್ದಾಗ ಅದಕ್ಕೆ ತಡೆ ಇದ್ದಿರಲಿಕ್ಕಿಲ್ಲ, ಈಗ ಇರಬಹುದು). ನೀವು ಕೇಳುವ ಐದು ಕಾರ್ಯಕ್ರಮಗಳನ್ನು ಒಮ್ಮೆ ಒತ್ತಿ ತೋರಿಸಿ, ಯಾವ ವಿಳಾಸಕ್ಕೆ ತಡೆ ಬಿತ್ತೆಂದು ಅವರ ಲಾಗ್‌ನಲ್ಲಿಯೇ ಬರುತ್ತದೆ, ಅವಷ್ಟನ್ನು ಅವರು ಬಿಡಬಹುದು.

ಇಷ್ಟೆಲ್ಲ ಮಾಡುವ ಮುನ್ನ ಆಕಾಶವಾಣಿಯ ನ್ಯೂಸ್‌ಆನ್‌ಏರ್ ತಾಣ ತೆರೆಯುತ್ತದೆಯೇ ನೋಡಿ. ಅದು ಸರ್ಕಾರಿ ವಿಳಾಸದಲ್ಲಿದೆ, ಕೆಲವು ಕಚೇರಿಗಳು ಸರ್ಕಾರಿ ತಾಣಗಳಿಗೆ ತಡೆ ಹಾಕುವುದಿಲ್ಲ. ತೆರೆದರೂ ಒಮ್ಮೆ ಕೇಳಿಯೇ ಬಳಸಿ, ಇನ್ನೊಂದು ಸಂದಿ ಆಗುವುದು ಬೇಡ. ಕನ್ನಡದ ಕೇಂದ್ರಗಳು ನೇರ ಪ್ರಸಾರದಲ್ಲಿ ಸಿಗುತ್ತವೆ, 1950ರಲ್ಲಿ ಶುರುವಾದ ನಿಮ್ಮ ಧಾರವಾಡವೂ. ಬೇಕಾದ ಸಂಚಿಕೆಯನ್ನು ಬೇಕಾದಾಗ ಕೇಳುವ ಸುಖ ಇದರಲ್ಲಿಲ್ಲ, ನಿಜ. ಬಂದದ್ದನ್ನು ಕೇಳಬೇಕು.

ಮ್ಯಾನೇಜರ್ "ಕೇಳುತ್ತ ಕುಳಿತರೆ ತಪ್ಪು ಹೆಚ್ಚುವುದಿಲ್ಲವೇ?" ಎನ್ನಬಹುದು. ನ್ಯಾಯವಾದ ಪ್ರಶ್ನೆ. ಎರಡೂ ಬದಿಗೆ ಮಾತಿದೆ. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ಎರಡು ತಾಸು ಒಂದು ಗಡಿಯಾರದಂಥ ಮುಳ್ಳಿನ ಮುಂದೆ ಕೂರಿಸಿ, ಅದು ಅಪರೂಪಕ್ಕೆ ಎರಡು ಹೆಜ್ಜೆ ಹಾರುವುದನ್ನು ಗುರುತಿಸಲು ಹೇಳಿದರು. ಮೊದಲ ಅರ್ಧ ತಾಸು ಕಳೆಯುತ್ತಿದ್ದಂತೆ ಗಮನ ಜಾರಿತು. ರೇಡಾರ್ ನೋಡುವ ಸೈನಿಕರಿಗಾಗಿ ಮಾಡಿದ ಪ್ರಯೋಗವದು, ನಿಮ್ಮ ಮೂರು ಗಂಟೆಯ ಕಷ್ಟವೂ ಅದೇ ಜಾತಿಯದು. ನಿಶ್ಶಬ್ದವೇ ಗಮನವಲ್ಲ ಎಂದು ಹೇಳಲು ಒದಗುತ್ತದೆ. ಆದರೆ ಮಾತು ಕಿವಿಗೆ ಬೀಳುತ್ತಿದ್ದಾಗ ಅಂಕಿಗಳ ಸಾಲನ್ನು ನೆನಪಿಡುವುದು ಕಷ್ಟವಾಗುತ್ತದೆ ಎಂಬುದೂ ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಆದ್ದರಿಂದ ನನ್ನ ಸಲಹೆ: ಪಾಲಿಸಿ ಸಂಖ್ಯೆ, ಮೊತ್ತ, ಹೆಸರುಗಳನ್ನು ತಾಳೆ ನೋಡುವಾಗ ಮಾತಿನ ಕಾರ್ಯಕ್ರಮ ಬೇಡ, ಬೇಕಾದರೆ ವೀಣೆಯೋ ಕೊಳಲೋ ಇರಲಿ. ಪುಟ ಸರಿಯಾಗಿ ಸ್ಕ್ಯಾನ್ ಆಗಿದೆಯೇ, ಸಹಿ ಇದೆಯೇ ಎಂದು ಕಣ್ಣು ಹಾಯಿಸುವ ಕೆಲಸಕ್ಕೆ ಕಥೆ ಕೇಳಿ. ಒಂದು ತಿಂಗಳು ಪರೀಕ್ಷೆಗೆ ಬಿಡಿ, ತಪ್ಪಿನ ಲೆಕ್ಕ ನೋಡಿ ಆಮೇಲೆ ತೀರ್ಮಾನಿಸಿ ಎಂದು ನೀವೇ ಬರೆದುಕೊಡಿ. ಲೆಕ್ಕ ಅವರ ಬಳಿ ಹೇಗೂ ಇರುತ್ತದೆ.

ಇಷ್ಟಾಗಿಯೂ ಒಲ್ಲೆ ಎಂದರೆ? ಎಂಪಿ3 ಪ್ಲೇಯರ್ ಒಯ್ಯುವ ಮಾತೇ ಬೇಡ, ಕಾವಲಿನವರ ಕಣ್ಣಿಗೆ ಅದು ಪೆನ್‌ಡ್ರೈವ್‌ನ ತಮ್ಮ. ಜೇಬಿನಲ್ಲಿ ಹಿಡಿಸುವ ಹಳೆಯ ಬಗೆಯ ಎಫ್‌ಎಂ ರೇಡಿಯೋ ಬೇರೆ ವಿಷಯ. ಅದಕ್ಕೆ ಕ್ಯಾಮೆರಾ ಇಲ್ಲ, ನೆನಪು ಇಲ್ಲ, ಹೊರಗೆ ಏನನ್ನೂ ಕಳಿಸುವುದಿಲ್ಲ. ಮೆಮೊರಿ ಕಾರ್ಡಿನ ಸೀಳು ಇಲ್ಲದ್ದನ್ನೇ ಕೊಂಡು, ಭದ್ರತಾ ವಿಭಾಗಕ್ಕೆ ಮೊದಲು ತೋರಿಸಿ, ಬರಹದಲ್ಲಿ ಅನುಮತಿ ಪಡೆದುಕೊಂಡೇ ಒಳಗೆ ಒಯ್ಯಿರಿ. ಬೆಂಗಳೂರಿನಲ್ಲಿ ವಿವಿಧಭಾರತಿ 102.9ರಲ್ಲಿ, ಆಕಾಶವಾಣಿಯ ಎಫ್‌ಎಂ ರೈನ್‌ಬೋ 101.3ರಲ್ಲಿ ಸಿಗುತ್ತವೆ. ಆಕಾಶವಾಣಿ ಎಂಬ ಹೆಸರೇ ಮೈಸೂರಿನದು, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅಲ್ಲಿ ಖಾಸಗಿಯಾಗಿ ನಡೆಸಿದ ಬಾನುಲಿ ಕೇಂದ್ರದ ಹೆಸರು ಅದು, ಮತ್ತು ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಎಫ್‌ಎಂಗೆ ಇಯರ್‌ಫೋನಿನ ತಂತಿಯೇ ಆ್ಯಂಟೆನಾ, ಆದ್ದರಿಂದ ಅದನ್ನು ಸುತ್ತಿ ಗಂಟು ಹಾಕದೆ ಉದ್ದಕ್ಕೆ ಬಿಡಿ. ಬಿಸಿಲು ತಡೆಯಲು ಲೋಹದ ಲೇಪ ಹಚ್ಚಿದ ಗಾಜಿನ ಕಟ್ಟಡವಾದರೆ ಒಳಕ್ಕೆ ಹೋದಷ್ಟೂ ಗೊರಗೊರ ಶಬ್ದ ಹೆಚ್ಚು. ರೇಡಿಯೋ ಕೊಳ್ಳುವ ಮುನ್ನ ಕಿಟಕಿಯ ಪಕ್ಕದ ಕುರ್ಚಿ ಯಾರದೆಂದು ನೋಡಿಕೊಳ್ಳಿ.